ಗಾಳಿಪೆಟ್ಟಿಗೆಯ ಮೂಗು

ತೂಕ-ಅಳತೆ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಅಳತೆಗೆ ಸಿಕ್ಕಿದ್ದೆಲ್ಲ ಸತ್ಯ, ಸಿಗದಿದ್ದೆಲ್ಲ ಬರೀ ಮಾತು ಎಂಬ ಕಾಯಿಲೆ. ನಮ್ಮ ಬೀದಿಯ ತಕ್ಕಡಿ ಸಾಹೇಬರಿಗೆ ಇದು ಜೋರಾಗಿಯೇ ಅಂಟಿತ್ತು. ನಿಜ ಹೇಳಬೇಕೆಂದರೆ ಅವರು ಆ ಕಚೇರಿಯಲ್ಲಿ ಒಂದು ದಿನವೂ ತಕ್ಕಡಿ ಮುಟ್ಟಿದವರಲ್ಲ. ಅವರದು ಟಪಾಲು ವಿಭಾಗ. ಬಂದ ಕಾಗದಕ್ಕೆ ಒಂದು ನಂಬರು ಹಾಕುವುದು, ಹೋಗುವ ಕಾಗದಕ್ಕೆ ಇನ್ನೊಂದು ನಂಬರು ಹಾಕುವುದು, ಸಂಜೆ ಐದಕ್ಕೆ ಡ್ರಾಯರಿಗೆ ಬೀಗ ಹಾಕುವುದು. ಆದರೆ ಈ ಗುಟ್ಟು ಬೀದಿಯ ತರಕಾರಿ ಅಂಗಡಿಯವರಿಗೆ ಗೊತ್ತಿರಲಿಲ್ಲ. ಸಾಹೇಬರು ಅಂಗಡಿಯ ಮುಂದೆ ಸುಮ್ಮನೆ ನಿಂತರೂ ಸಾಕು, ತಕ್ಕಡಿಗೆ ಇನ್ನೊಂದು ಟೊಮೇಟೊ ಬೀಳುತ್ತಿತ್ತು.

ಇಂಥವರು ಗ್ರಂಥಾಲಯದ ಸಭಾಂಗಣದಲ್ಲಿ ನಡೆದ ಆ ಸಭೆಗೆ ಹೋಗದೆ ಇರುತ್ತಾರೆಯೇ. ಊರಿನ ನಲವತ್ತು ಕಡೆ ಗಾಳಿ ಅಳೆಯುವ ಪೆಟ್ಟಿಗೆ ಇಡುತ್ತೇವೆ, ಅದಕ್ಕೆ ಮನೆಯಲ್ಲಿ ಜಾಗ ಕೊಡುವವರು ಬನ್ನಿ ಎಂದು ನಗರ ಕಚೇರಿಯವರು ಕರೆದಿದ್ದರು. ಬಂದಿದ್ದ ಇಂಜಿನಿಯರ್ ಮೇಡಂಗೆ ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸು. ದೊಡ್ಡ ಕನ್ನಡಕ, ಸಣ್ಣ ದನಿ. ಆಕೆ ಮೇಜಿನ ಮೇಲೆ ಊಟದ ಡಬ್ಬಿಯಷ್ಟು ದೊಡ್ಡ ಬಿಳಿ ಪೆಟ್ಟಿಗೆಯನ್ನಿಟ್ಟು ವಿವರಿಸಿದರು.

"ಇದು ಗಾಳೀಲಿರೋ ಕಣಗಳನ್ನ ಎಣಿಸುತ್ತೆ. ನಮ್ಮ ಕೂದಲಿನ ದಪ್ಪದ ಮೂವತ್ತರಲ್ಲಿ ಒಂದು ಭಾಗ ಇರೋ ಕಣಗಳು. ಕಣ್ಣಿಗೆ ಕಾಣಲ್ಲ, ಆದ್ರೆ ನೇರ ಶ್ವಾಸಕೋಶಕ್ಕೆ ಹೋಗ್ತವೆ. ಒಳಗೊಂದು ಸಣ್ಣ ಬೆಳಕಿದೆ. ಕಣ ಅಡ್ಡ ಬಂದ್ರೆ ಬೆಳಕು ಚದುರುತ್ತೆ. ಎಷ್ಟು ಚದುರಿತು ಅನ್ನೋದರ ಮೇಲೆ ಲೆಕ್ಕ."

ಸಾಹೇಬರು ಎದ್ದು ನಿಂತರು. "ಮೇಡಂ, ನಾನು ಅಳತೆಯ ಇಲಾಖೆಯವನು. ನಮ್ಮ ಮನೆ ಬಾಲ್ಕನಿ ಬೀದಿ ಕಡೆ ಇದೆ, ಪ್ಲಗ್ ಪಾಯಿಂಟ್ ಇದೆ, ಜವಾಬ್ದಾರಿ ತಗೊಳ್ಳೋಕೆ ನಾನಿದ್ದೀನಿ."

ಮೇಡಂ ಅರ್ಜಿ ತುಂಬುತ್ತಾ ಕೇಳಿದರು. "ಮನೇಲಿ ಸಿಗರೇಟು ಸೇದೋರು ಯಾರಾದ್ರೂ ಇದ್ದಾರಾ ಸರ್?"

ಪಕ್ಕದ ಕುರ್ಚಿಯಲ್ಲಿ ಸಾಹೇಬರ ಹೆಂಡತಿ ಕುಳಿತಿದ್ದರು. ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಅವರ ಆಚೆ, ಅವರ ತಂದೆ. ರೈಲ್ವೆ ಗಾರ್ಡ್ ಆಗಿ ನಿವೃತ್ತರಾದವರು. ಎರಡು ವರ್ಷದ ಹಿಂದೆ ಎದೆನೋವಿನಿಂದ ಆಸ್ಪತ್ರೆ ಸೇರಿ, ಸಿಗರೇಟು ಬಿಟ್ಟು, ಮಗಳ ಮನೆಗೆ ಬಂದಿದ್ದರು. ಮಾವ ಬಿಟ್ಟಾಗಲೇ ಅಳಿಯನೂ ಬಿಡಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

"ಇದ್ರು," ಅಂದರು ಸಾಹೇಬರು. "ಈಗಿಲ್ಲ. ಇಬ್ರೂ ಬಿಟ್ವಿ. ಮನಸ್ಸು ಗಟ್ಟಿ ಇದ್ರೆ ಅದೇನು ದೊಡ್ಡದಲ್ಲ."

ಸಭೆ ಚಪ್ಪಾಳೆ ತಟ್ಟಿತು. ಟೀಚರ್ ಹೆಮ್ಮೆಯಿಂದ ಗಂಡನನ್ನು ನೋಡಿದರು. ಆ ಹೊತ್ತಿನಲ್ಲಿ ಸಾಹೇಬರ ಅಂಗಿಯ ಒಳಜೇಬಿನಲ್ಲಿ ಮೂರು ಸಿಗರೇಟುಗಳಿದ್ದವು ಎಂಬುದನ್ನು ಈಗ ಹೇಳಿಬಿಡುವುದೇ ಒಳ್ಳೆಯದು. ಮುಚ್ಚಿಟ್ಟು ಕತೆ ಹೇಳುವ ಅಭ್ಯಾಸ ನಮಗಿಲ್ಲ.

ಸಾಹೇಬರು ದಿನಕ್ಕೆ ಎರಡು ಸೇದುತ್ತಿದ್ದರು. ಬೆಳಿಗ್ಗೆ ಆರಕ್ಕೆ, ಹೆಂಡತಿ ಸ್ನಾನಕ್ಕೆ ಹೋದಾಗ. ಸಂಜೆ ಏಳಕ್ಕೆ, ಆಕೆ ಹಾಲಿನಲ್ಲಿ ಟ್ಯೂಷನ್ ಮಕ್ಕಳಿಗೆ ಪಾಠ ಹೇಳುವಾಗ. ಜಾಗ, ಬಾಲ್ಕನಿಯ ವಾಷಿಂಗ್ ಮೆಷಿನ್ನಿನ ಹಿಂದಿನ ಸಂದು. ಬಕೆಟ್ಟು ಬೋರಲು ಹಾಕಿಕೊಂಡು ಕೂತರೆ ಬೀದಿಯಿಂದಲೂ ಕಾಣದು, ಮನೆಯೊಳಗಿಂದಲೂ ಕಾಣದು. ಪ್ಯಾಕೆಟ್ಟು ಬಟ್ಟೆ ಕ್ಲಿಪ್ಪುಗಳ ಡಬ್ಬಿಯ ತಳದಲ್ಲಿ. ಮುಗಿದ ಮೇಲೆ ಬಾಯಿಗೆ ಎರಡು ಲವಂಗ. ಮಿಕ್ಕ ವಾಸನೆಯನ್ನು ಎದುರಿನ ಬೇಕರಿಯ ಸೌದೆ ಒಲೆಯ ಹೊಗೆ ನುಂಗಿಕೊಳ್ಳುತ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎನ್ನುತ್ತಾರೆ. ನಮ್ಮ ಸಾಹೇಬರು ಅದಕ್ಕಿಂತ ಜಾಣರು, ಬಾಗಿಲನ್ನೂ ಮುಚ್ಚಿಕೊಳ್ಳುತ್ತಿದ್ದರು.

ಪೆಟ್ಟಿಗೆ ಬಂದ ದಿನ ಪ್ಲಗ್ ಪಾಯಿಂಟಿಗೆ ಹತ್ತಿರವೆಂದು ಅದನ್ನು ಸರಿಯಾಗಿ ವಾಷಿಂಗ್ ಮೆಷಿನ್ನಿನ ಮೇಲ್ಗಡೆಯ ಗೋಡೆಗೇ ಹೊಡೆದರು. ಅಂದರೆ ಬೋರಲು ಬಕೆಟ್ಟಿನ ಮೇಲೆ ಕೂತವರ ತಲೆಗೆ ಎರಡು ಮೊಳ ಮೇಲೆ. ಸಾಹೇಬರಿಗೆ ಗಾಬರಿಯಾಯಿತು. ಆದರೆ ಪೆಟ್ಟಿಗೆಯನ್ನು ಸುತ್ತಲೂ ಪರಿಶೀಲಿಸಿದ ಮೇಲೆ ನಿರಾಳವಾಯಿತು. ಅದರ ಮುಂಭಾಗದಲ್ಲಿ, ಬೀದಿಗೆ ಮುಖ ಮಾಡಿ, ಒಂದು ಹಸಿರು ದೀಪ ಮಿನುಗುತ್ತಿತ್ತು. ಅದೇ ಪೆಟ್ಟಿಗೆಯ ಮೂಗು ಎಂದು ಅವರು ತೀರ್ಮಾನಿಸಿದರು. ಮೂಗು ಬೀದಿಯ ಕಡೆ ಇದೆ, ನಾನು ಕೂರುವುದು ಕೆಳಗೆ. ಕೆಳಗಿನದನ್ನು ಮೂಸುವ ಮೂಗು ಲೋಕದಲ್ಲಿ ಎಲ್ಲಿದೆ. ಪೆಟ್ಟಿಗೆಯ ತಳದಲ್ಲೊಂದು ಜಾಲರಿ ಇತ್ತು. ಅದು ಮಳೆನೀರು ಸೋರಿ ಹೋಗಲು ಮಾಡಿದ್ದು ಎಂದುಕೊಂಡರು. ಅಂದಿನಿಂದ ಎಚ್ಚರಿಕೆಯಾಗಿ, ದೀಪದ ಕಡೆಗೆ ಒಂದು ಎಳೆಯೂ ಹೋಗದಂತೆ, ಹೊಗೆಯನ್ನು ಜಾಲರಿಯ ಕೆಳಗೇ ಬಿಡತೊಡಗಿದರು.

ಮೊದಲ ವಾರವೆಲ್ಲ ಸಾಹೇಬರದು ಒಂದು ದರ್ಬಾರು. ಬಾಗಿಲಿಗೆ 'ಗಾಳಿ ಮಾಪನ ಕೇಂದ್ರ ಸಂಖ್ಯೆ 27' ಎಂಬ ಫಲಕ ಬಿತ್ತು. ಪೆಟ್ಟಿಗೆಯ ಅಂಕಿಗಳು ಎಲ್ಲರ ಮೊಬೈಲಿಗೂ ಬರುತ್ತಿದ್ದವು. ಮೂವತ್ತರೊಳಗೆ ಹಸಿರು, ನೂರರೊಳಗೆ ಹಳದಿ, ಆಮೇಲೆ ಕೆಂಪು. ಕೆಂಪಾದರೆ 'ಟಿಣ್' ಎಂದು ಸದ್ದು. ಮೊಬೈಲಿಗೇ ಬಂದರೂ ಸಾಹೇಬರು ಬಾಲ್ಕನಿಯಲ್ಲಿ ನಿಂತು ಬೀದಿಗೆ ಸಾರುತ್ತಿದ್ದರು. "ಇಪ್ಪತ್ತೊಂದು. ಧೈರ್ಯವಾಗಿ ಉಸಿರಾಡಿ." ಅವರ ಅಪ್ಪಣೆ ಸಿಕ್ಕ ಮೇಲೆ ನಾವೆಲ್ಲ ಉಸಿರಾಡುತ್ತಿದ್ದೆವು.

ಎಂಟನೆಯ ದಿನದ ಬೆಳಿಗ್ಗೆ ಆರೂ ಹತ್ತಕ್ಕೆ ಇಡೀ ಬೀದಿ 'ಟಿಣ್' ಎಂದಿತು. ಅಂಕಿ ನೂರ ಎಂಬತ್ತು.

ಅಲ್ಲಿಯವರೆಗೆ ಯಂತ್ರ ಹೊಸ ಜಾಗಕ್ಕೆ ಹೊಂದಿಕೊಳ್ಳುತ್ತಿತ್ತಂತೆ, ಎಚ್ಚರಿಕೆಯ ಸದ್ದನ್ನು ಆವತ್ತಷ್ಟೇ ಚಾಲೂ ಮಾಡಿದ್ದರಂತೆ. ನಮಗೆ ಅದೆಲ್ಲ ಏನು ಗೊತ್ತು. ಸಂಜೆ ಏಳೂ ಐದಕ್ಕೆ ಮತ್ತೆ 'ಟಿಣ್'. ಮರುದಿನ ಬೆಳಿಗ್ಗೆ ಮತ್ತೆ. ಸದ್ದಾದ ಕೂಡಲೇ ಬೀದಿಯ ಎಲ್ಲ ಕಿಟಕಿಗಳೂ ಒಟ್ಟಿಗೆ ದಡದಡನೆ ಮುಚ್ಚಿಕೊಳ್ಳುತ್ತಿದ್ದವು. ಸಾಹೇಬರ ಮೇಲಿನ ಮನೆಯ ಸಂಗೀತದ ಟೀಚರ್ ಬೆಳಗಿನ ಸಾಧನೆ ನಿಲ್ಲಿಸಿದರು. "ನಾನು ಒಂದು ಸ್ವರಕ್ಕೆ ಎಳೆಯೋ ಉಸಿರು ನಿಮ್ಮ ಹತ್ತು ಉಸಿರಿಗೆ ಸಮ. ಹತ್ತರಷ್ಟು ವಿಷ ನಾನ್ಯಾಕೆ ಕುಡೀಲಿ," ಎಂದು ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ಹೇಳಿದರು.

ಬೆಳಿಗ್ಗೆ ಆರಕ್ಕೆ ಮತ್ತು ಸಂಜೆ ಏಳಕ್ಕೆ ಬೀದಿಯಲ್ಲಿ ಹೊಗೆ ಏಳುವುದು ಎಲ್ಲಿಂದ ಎಂದು ಕೇಳಿದರೆ ಚಿಕ್ಕ ಮಗುವೂ ಬೇಕರಿಯ ಚಿಮಣಿಯ ಕಡೆ ಬೆರಳು ಮಾಡುತ್ತಿತ್ತು. ಬೇಕರಿಯಣ್ಣ ಬ್ರೆಡ್ಡಿನ ಒಲೆ ಹಚ್ಚುವುದು ಅದೇ ಎರಡು ಹೊತ್ತು. ಆತ ಆರಡಿ ಎತ್ತರ, ಮೂರಡಿ ಅಗಲದ ಮನುಷ್ಯ. ಮನಸ್ಸು ಮಾತ್ರ ಈಗತಾನೇ ಬೆಂದ ಬನ್ನು. ಒತ್ತಿದರೆ ಒಳಗೆ ಹೋಗುತ್ತಿತ್ತು.

ಸಾಹೇಬರು ನಗರ ಕಚೇರಿಗೆ ಬರೆಯಲು ಪೆನ್ನು ಬಿಚ್ಚಿದರು. ಇಪ್ಪತ್ತೆರಡು ವರ್ಷ ಬೇರೆಯವರ ಕಾಗದಕ್ಕೆ ನಂಬರು ಹಾಕಿದವರಿಗೆ ಸ್ವಂತ ಕಾಗದ ಬರೆಯುವ ಅವಕಾಶ. 'ಮಾನ್ಯರೇ, ಈ ಮೂಲಕ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ಸದರಿ ಬೀದಿಯಲ್ಲಿರುವ ಒಂದಾನೊಂದು ಚಿಮಣಿಯು...' ಎಂದು ಎರಡು ಪುಟ. ಬೇಕರಿಯ ಹೆಸರು ಹಾಕಲು ಮನಸ್ಸು ಬರಲಿಲ್ಲ. ಆದರೆ ಬೀದಿಯಲ್ಲಿದ್ದದ್ದು ಒಂದೇ ಚಿಮಣಿ.

"ರೀ, ಬೇಕರಿಯಣ್ಣನಿಗೆ ಒಂದು ಮಾತು ಮೊದಲು ಹೇಳಬಾರದಿತ್ತಾ?" ಅಂದರು ಟೀಚರ್.

"ನಾನು ಯಾರ ಮೇಲೂ ಹೇಳಿಲ್ಲ ಕಣೇ. ಯಂತ್ರ ಹೇಳಿದ್ದನ್ನ ಬರೆದಿದ್ದೀನಿ. ಯಂತ್ರಕ್ಕೆ ದ್ವೇಷ ಇಲ್ಲ, ದಾಕ್ಷಿಣ್ಯ ಇಲ್ಲ."

ನಾಲ್ಕನೆಯ ದಿನ ಆರೋಗ್ಯ ನಿರೀಕ್ಷಕರು ಬಂದರು. ಕಂಕುಳಲ್ಲಿ ಒಂದು ಚರ್ಮದ ಚೀಲ. ಅದರಲ್ಲಿ ನೋಟೀಸಿನ ಪುಸ್ತಕ ಮತ್ತು ಒಂದು ಬೀಗ. ಅವರು ಯಾವ ಮನೆಗೆ ಹೋದರೂ ಬೀಗ ಒಯ್ಯುತ್ತಿದ್ದರಂತೆ, ಹಾಕುವ ಸಂದರ್ಭ ಬಂದರೆ ಇರಲಿ ಎಂದು. ಅವರು ಒಲೆ ನೋಡಿದರು, ಮೊಬೈಲು ನೋಡಿದರು, ಬರೆದರು. "ಏಳು ದಿನ ಒಲೆ ಹಚ್ಚಕೂಡದು. ಅಂಕಿ ಇಳಿಯುತ್ತಾ ಇಲ್ವಾ ನೋಡ್ತೀವಿ."

ಬೇಕರಿಯಣ್ಣ ಸಾಹೇಬರ ಬಾಗಿಲಿಗೆ ಬಂದ. ಬಾಗಿಲಿನ ತುಂಬ ಅವನೇ ಇದ್ದ.

"ಸಾಹೇಬ್ರೇ, ಈ ಒಲೆ ನಮ್ಮಪ್ಪ ಕಟ್ಟಿದ್ದು. ನಿಮ್ಮ ಮದುವೆ ಕೇಕು ಬೆಂದಿದ್ದು ಇದರಲ್ಲೇ. ಆವತ್ತು ಹೊಗೆ ಇರ್ಲಿಲ್ವಾ?"

"ಇತ್ತೇನೋ. ಅಳೆದಿರ್ಲಿಲ್ಲ," ಅಂದರು ಸಾಹೇಬರು.

ಅವನ ಕಣ್ಣಲ್ಲಿ ನೀರು ತುಂಬಿತು. ಅಷ್ಟು ದೊಡ್ಡ ಮೈಯವನು ಅಳುವುದನ್ನು ಹತ್ತಿರದಿಂದ ನೋಡುವುದು ಕಷ್ಟ, ಎಲ್ಲಿ ನೋಡಬೇಕೆಂದೇ ತಿಳಿಯುವುದಿಲ್ಲ. ಸಾಹೇಬರು ಫಲಕವನ್ನು ನೋಡಿದರು. ಅವನು ಹೋದ ಮೇಲೆ ಬಾಲ್ಕನಿಗೆ ಹೋಗಿ, ಹೊತ್ತಲ್ಲದ ಹೊತ್ತಿನಲ್ಲಿ ಒಂದು ಹಚ್ಚಿದರು. ಮನಸ್ಸಿಗೆ ಸಮಾಧಾನ ಬೇಕಿತ್ತು. ಬೀದಿ 'ಟಿಣ್' ಎಂದಿತು.

ಇಲ್ಲಿಂದ ಮುಂದೆ ನಡೆದದ್ದು ಒಂದು ಸುಳಿ. ಒಲೆ ಆರಿತ್ತು, ಆದರೂ ಅಂಕಿ ಇಳಿಯಲಿಲ್ಲ. ಇಳಿಯದ್ದು ಕಂಡು ಸಾಹೇಬರಿಗೆ ಚಿಂತೆ. ಚಿಂತೆಗೆ ಒಂದು ಸಿಗರೇಟು. ಸಿಗರೇಟಿಗೆ ಒಂದು 'ಟಿಣ್'. 'ಟಿಣ್' ಕೇಳಿ ಮತ್ತಷ್ಟು ಚಿಂತೆ. ಎರಡಿದ್ದದ್ದು ನಾಲ್ಕಾಯಿತು, ಐದಾಯಿತು. ಪ್ಯಾಕೆಟ್ಟು ಮುಗಿಯುವ ವೇಗ ನೋಡಿ ಅವರಿಗೇ ದಿಗಿಲು. ನಾಲ್ಕು ಸೇದಿದೆನೆಂದುಕೊಂಡರೆ ಐದು ಹೋಗಿರುತ್ತಿತ್ತು. ಲೆಕ್ಕ ತಪ್ಪುವಷ್ಟು ತಲೆ ಕೆಟ್ಟಿದೆ ಎಂದು ಆ ಬೇಸರಕ್ಕೆ ಇನ್ನೊಂದು ಸೇದಿದರು.

ನಿರೀಕ್ಷಕರು ಐದನೆಯ ದಿನವೇ ತಿರುಗಿ ಬಂದರು. ತಣ್ಣಗಿನ ಒಲೆಯೊಳಗೆ ಕೈ ಹಾಕಿ ನೋಡಿದರು. ಬೂದಿಯೂ ಇರಲಿಲ್ಲ.

"ಒಲೆ ಆರಿದೆ ಸ್ವಾಮಿ," ಅಂದ ಬೇಕರಿಯಣ್ಣ.

"ಅದೇ ಅನುಮಾನ. ಆರಿರೋ ಒಲೆಯಿಂದ ಇಷ್ಟು ಹೊಗೆ ಬರ್ತಾ ಇದೆ ಅಂದ್ರೆ, ಹಚ್ಚಿದಾಗ ಎಷ್ಟು ಬರ್ತಿತ್ತು ಯೋಚನೆ ಮಾಡಿ. ಇಲ್ಲಾ ನೀವು ಗುಟ್ಟಾಗಿ ಸುಡ್ತಿದ್ದೀರ."

"ಗುಟ್ಟಾಗಿ ಬ್ರೆಡ್ ಸುಡೋಕಾಗುತ್ತಾ? ಮೂರು ಬೀದಿಗೆ ಘಮ ಹೋಗುತ್ತೆ."

"ಘಮ ಅಳೆಯೋ ಯಂತ್ರ ನಮ್ಮಲ್ಲಿಲ್ಲ," ಎಂದು ನಿರೀಕ್ಷಕರು ಬರೆದರು. "ಶುಕ್ರವಾರ ಹತ್ತು ಗಂಟೆಗೆ ಚಿಮಣಿ ಒಡೆಸ್ತೀವಿ."

ಬುಧವಾರ ಬೆಳಿಗ್ಗೆ ಇಂಜಿನಿಯರ್ ಮೇಡಂ ಪೆಟ್ಟಿಗೆ ಒರೆಸಲು ಬಂದರು. ಸಾಹೇಬರು ರಜೆ ಹಾಕಿ ಸ್ಟೂಲು ಹಿಡಿದು ನಿಂತರು. ಮೇಡಂ ಪೆಟ್ಟಿಗೆಯನ್ನು ಕೆಳಗಿಳಿಸಿ, ತಲೆಕೆಳಗು ಮಾಡಿ, ಜಾಲರಿಯನ್ನು ಒಂದು ಮೆತ್ತನೆ ಬ್ರಷ್ಷಿನಿಂದ ಉಜ್ಜತೊಡಗಿದರು. ಬ್ರಷ್ಷು ಹಳದಿಯಾಯಿತು.

"ಅದು ನೀರು ಹೋಗೋ ಜಾಗ ಅಲ್ವಾ ಮೇಡಂ? ಅದನ್ನ ಯಾಕೆ ಅಷ್ಟು ಉಜ್ಜುತ್ತೀರ? ಮುಂದಿನ ದೀಪ ಒರೆಸಿ, ವಾಸನೆ ಎಳೆಯೋದು ಅದು."

ಮೇಡಂ ನಕ್ಕರು. "ದೀಪ ಬರೀ ಕರೆಂಟ್ ಇದೆ ಅಂತ ತೋರಿಸೋಕೆ ಸರ್. ಗಾಳಿ ಎಳೆಯೋದು ಈ ಜಾಲರಿ. ಕೆಳಗಡೆಯಿಂದ. ಒಳಗೆ ಸಣ್ಣ ಫ್ಯಾನ್ ಇದೆ ನೋಡಿ." ಆಕೆ ಬ್ರಷ್ಷನ್ನು ಮೂಗಿನ ಹತ್ತಿರ ಹಿಡಿದರು. ಹುಬ್ಬು ಗಂಟಾಯಿತು. "ಸೌದೆ ಹೊಗೆ ಹೀಗಿರಲ್ಲ. ಇದು ಬೇರೆ ಏನೋ."

ಸಾಹೇಬರು ಬಕೆಟ್ಟಿನ ಮೇಲೆ ಕುಳಿತರು. ಕುಳಿತ ಮೇಲೆ ತಾವು ಎಲ್ಲಿ ಕುಳಿತಿದ್ದೇವೆಂದು ಹೊಳೆದು ಎದ್ದು ನಿಂತರು. ಕತ್ತೆತ್ತಿದರೆ ಪೆಟ್ಟಿಗೆ ತೂಗುವ ಮೊಳೆ, ಸರಿಯಾಗಿ ಅವರ ತಲೆಯ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯನ್ನು ಅವರು ಬೇರೆಯವರಿಗೆ ಎಷ್ಟೋ ಸಲ ಹೇಳಿದ್ದರು. ಎತ್ತು ತಾವೇ ಆಗಿರುವುದು ಇದೇ ಮೊದಲು.

ಒಪ್ಪಿಕೊಳ್ಳುವುದು ಸುಲಭವಿರಲಿಲ್ಲ. ಹೆಂಡತಿಯ ಮುಂದೆ ಸುಳ್ಳ, ಬೀದಿಯ ಮುಂದೆ ದಡ್ಡ, ಕಚೇರಿಯಲ್ಲಿ ಅಳತೆ ಬಾರದವನು. ಅವರು ಒಂದು ಒಳದಾರಿ ಹುಡುಕಿದರು. ಸೇದುವುದನ್ನೇ ನಿಲ್ಲಿಸಿಬಿಟ್ಟರೆ ಅಂಕಿ ತಾನಾಗಿ ಇಳಿಯುತ್ತದೆ, ಚಿಮಣಿ ಉಳಿಯುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಗುರುವಾರ ಪೂರ್ತಿ ಹಲ್ಲು ಕಚ್ಚಿ ನಿಂತರು. ಬೆಳಿಗ್ಗೆ ಆರಕ್ಕೆ ಅಂಕಿ ಹದಿನೆಂಟು. ಸಂಜೆ ಏಳಕ್ಕೆ ಹತ್ತೊಂಬತ್ತು. ಮಧ್ಯಾಹ್ನ ಎರಡೂವರೆಗೆ ಮಾತ್ರ ಒಂದು ಸಲ 'ಟಿಣ್' ಎಂದಿತಂತೆ, ನೂರ ಹತ್ತು. ಆಗ ಸಾಹೇಬರು ಕಚೇರಿಯಲ್ಲಿದ್ದರು, ಅದು ಯಾಕೆಂದು ಅವರಿಗೆ ಅರ್ಥವಾಗಲಿಲ್ಲ. ಆದರೂ ಸಂತೋಷದಿಂದ ನಿರೀಕ್ಷಕರಿಗೆ ಫೋನು ಮಾಡಿದರು.

"ಸಾರ್, ಅಂಕಿ ಇಳಿದಿದೆ. ಚಿಮಣಿ ಬಿಟ್ಟುಬಿಡಬಹುದು."

"ಇಳಿದಿರೋದೇ ಸಾಕ್ಷಿ," ಅಂದರು ನಿರೀಕ್ಷಕರು. "ಒಡೀತೀವಿ ಅಂದ ತಕ್ಷಣ ಹೆದರಿ ನಿಲ್ಲಿಸಿದ್ದಾನೆ. ಅಂದ್ರೆ ಇಷ್ಟು ದಿನ ಸುಡ್ತಿದ್ದ ಅಂತಾಯ್ತಲ್ಲ."

"ಮತ್ತೆ ಮಧ್ಯಾಹ್ನದ್ದು?"

"ಅದು ಬಿಸ್ಕತ್ತು. ಬ್ರೆಡ್ಡು ಬಿಟ್ಟು ಸಣ್ಣದಾಗಿ ಬಿಸ್ಕತ್ತು ಮಾಡ್ತಿದ್ದಾನೆ."

ಸಾಹೇಬರು ಫೋನು ಕೆಳಗಿಟ್ಟರು. ಹೊಗೆ ಬಂದರೂ ಬೇಕರಿಯಣ್ಣನದೇ ತಪ್ಪು, ಬರದಿದ್ದರೂ ಅವನದೇ. ಇನ್ನು ಉಳಿದದ್ದು ಒಂದೇ ದಾರಿ.

ಶುಕ್ರವಾರ ಹತ್ತಕ್ಕೆ ಬೇಕರಿಯ ಮುಂದೆ ಇಡೀ ಬೀದಿ ಸೇರಿತ್ತು. ಇಬ್ಬರು ಗಾರೆಯವರು ಸುತ್ತಿಗೆ ಹಿಡಿದು ಏಣಿಯ ಬುಡದಲ್ಲಿ ನಿಂತಿದ್ದರು. ಟೀಚರ್ ಶಾಲೆಗೆ ರಜೆ ಹಾಕಿ ಬೇಕರಿಯಣ್ಣನ ಪಕ್ಕ ನಿಂತಿದ್ದರು. ಆಕೆ ಅಲ್ಲಿ ನಿಂತದ್ದು ಸಾಹೇಬರಿಗೆ ನೋಟೀಸಿಗಿಂತ ಜೋರಾಗಿ ತಾಗಿತು. ಮಾವನವರೂ ಕೋಲೂರಿಕೊಂಡು ಬಂದಿದ್ದರು. ಇಂಜಿನಿಯರ್ ಮೇಡಂ ಲ್ಯಾಪ್‌ಟಾಪು ಹಿಡಿದು ನಿರೀಕ್ಷಕರಿಗೆ ಏನೋ ತಿಳಿಹೇಳುತ್ತಿದ್ದರು. ಅವರು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ, ಬೀಗದ ಕೈ ಹುಡುಕುತ್ತಿದ್ದರು.

ಮೊದಲ ಗಾರೆಯವನು ಏಣಿಯ ಮೇಲೆ ಕಾಲಿಟ್ಟ.

"ನಿಲ್ಲಿ," ಅಂದರು ಸಾಹೇಬರು. "ಆ ಹೊಗೆ ನಂದು."

ನಿರೀಕ್ಷಕರು ತಿರುಗಿದರು. "ನಿಮ್ಮದು ಅಂದ್ರೆ? ನೀವೂ ಬೇಕರಿ ಇಟ್ಟಿದ್ದೀರಾ?"

"ಸಿಗರೇಟು. ದಿನಾ. ಪೆಟ್ಟಿಗೆ ಕೆಳಗೇ ಕೂತ್ಕೊಂಡು."

ಟೀಚರ್ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಗಂಡನನ್ನು ನೋಡಿದರು. ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದವರನ್ನು ಆಕೆ ಹೀಗೇ ನೋಡುತ್ತಾರೆಂದು ಅವರ ಹಳೆಯ ವಿದ್ಯಾರ್ಥಿಗಳು ಹೇಳುವುದುಂಟು.

ನಿರೀಕ್ಷಕರು ಮಾತ್ರ ಒಪ್ಪಲಿಲ್ಲ. "ಒಬ್ಬ ಮನುಷ್ಯ ಒಂದು ಬೇಕರಿಯಷ್ಟು ಹೊಗೆ ಬಿಡ್ತಾನಾ? ಪಕ್ಕದವರು ಅಂತ ಉಳಿಸೋಕೆ ಹೇಳ್ತಿದ್ದೀರ. ಒಳ್ಳೆ ಮನಸ್ಸು. ಆದ್ರೆ ದಾಖಲೆ ಬೇಕು."

"ಪರೀಕ್ಷೆ ಮಾಡೋಣ," ಅಂದರು ಮೇಡಂ. ಅವರ ಕಣ್ಣು ಹೊಳೆಯುತ್ತಿತ್ತು. "ಸರ್ ಒಂದು ಸೇದಲಿ, ನಾವು ಅಂಕಿ ನೋಡೋಣ. ಒಂದು ಸಲ ಸಾಲದು, ಮೂರು ಸಲ. ಆಗ ಯಾರೂ ಅನುಮಾನ ಪಡೋ ಹಾಗಿಲ್ಲ."

ಹೀಗೆ, ಎರಡು ವರ್ಷ ಯಾರ ಕಣ್ಣಿಗೂ ಬೀಳದಂತೆ ಸೇದಿದ ಮನುಷ್ಯ, ಸರ್ಕಾರದ ಇಬ್ಬರು ಅಧಿಕಾರಿಗಳು, ಇಬ್ಬರು ಗಾರೆಯವರು, ಒಬ್ಬ ಬೇಕರಿಯವನು, ಒಬ್ಬ ಸಂಗೀತಗಾರ್ತಿ, ಸ್ವಂತ ಹೆಂಡತಿ ಮತ್ತು ಹೆಣ್ಣು ಕೊಟ್ಟ ಮಾವನ ಸಮ್ಮುಖದಲ್ಲಿ ಸೇದಬೇಕಾಯಿತು. ಬಾಲ್ಕನಿಯಲ್ಲಿ ಜಾಗ ಸಾಲದೆ ಉಳಿದವರು ರಸ್ತೆಯಲ್ಲಿ ಕತ್ತೆತ್ತಿ ನಿಂತೆವು.

ಸಾಹೇಬರು ಪೆಟ್ಟಿಗೆಯ ಮುಂದೆ ನೆಟ್ಟಗೆ ನಿಂತು ಒಂದು ಹಚ್ಚಿದರು. ಸಂಕೋಚಕ್ಕೆ ಹೊಗೆಯನ್ನು ಬೀದಿಯ ಕಡೆ ಬಿಟ್ಟರು. ಅಂಕಿ ಹದಿನೆಂಟು. ಹತ್ತೊಂಬತ್ತು. ಮತ್ತೆ ಹದಿನೆಂಟು.

"ನೋಡಿದ್ರಾ," ಅಂದರು ನಿರೀಕ್ಷಕರು. ಕೆಳಗೆ ಗಾರೆಯವನು ಮತ್ತೆ ಏಣಿ ಹಿಡಿದ.

"ಸರ್, ಹೀಗಲ್ಲ," ಅಂದರು ಮೇಡಂ. "ನೀವು ದಿನಾ ಹೇಗೆ ಸೇದ್ತೀರೋ ಹಾಗೇ ಸೇದಿ. ಏನೂ ಬದಲಾಯಿಸಬೇಡಿ."

ಸಾಹೇಬರು ಹೆಂಡತಿಯ ಕಡೆ ನೋಡಿದರು.

"ಮಾಡಿ," ಅಂದರು ಟೀಚರ್. "ನಾನೂ ನೋಡ್ತೀನಿ."

ಆಮೇಲೆ ನಾವು ಕಂಡದ್ದನ್ನು ಕಲೆ ಎನ್ನಬೇಕು. ಸಾಹೇಬರು ಕಾಲಿನಿಂದಲೇ ಬಕೆಟ್ಟನ್ನು ಸದ್ದಾಗದಂತೆ ಬೋರಲು ಹಾಕಿದರು. ನೋಡದೆಯೇ ಕ್ಲಿಪ್ಪಿನ ಡಬ್ಬಿಗೆ ಕೈ ಹೋಯಿತು, ಒಂದು ಕ್ಲಿಪ್ಪೂ ಅಲುಗದೆ ಸಿಗರೇಟು ಹೊರಬಂತು. ಮೆಷಿನ್ನಿನ ಹಿಂದೆ ಮಡಚಿಕೊಂಡು ಮಾಯವಾದರು. ಕಡ್ಡಿ ಗೀರಿದ ಸದ್ದೂ ಕೇಳಲಿಲ್ಲ. ಕತ್ತನ್ನು ಒಂದು ಓರೆಯಲ್ಲಿ ಎತ್ತಿ, ತುಟಿಯನ್ನು ಕೊಳಲಿನಂತೆ ಮಾಡಿ, ತೆಳುವಾದ ಒಂದು ಎಳೆಯನ್ನು ನೇರ ಜಾಲರಿಗೆ ಬಿಟ್ಟರು.

"ಉಸಿರಿನ ಹಿಡಿತ ಚೆನ್ನಾಗಿದೆ," ಎಂದು ಸಂಗೀತದ ಟೀಚರ್ ಮೆಲ್ಲಗೆ ಹೇಳಿದರು. "ಹಾಡು ಕಲೀಬಹುದಿತ್ತು."

ಮೇಡಂ ಅಂಕಿ ಓದತೊಡಗಿದರು. "ನಲವತ್ತು. ತೊಂಬತ್ತು. ನೂರ ಅರವತ್ತು. ಇನ್ನೂರ ಮೂವತ್ತು." ಬೀದಿಯ ಎಲ್ಲ ಮೊಬೈಲುಗಳೂ 'ಟಿಣ್' ಎಂದವು. ಅಭ್ಯಾಸಬಲದಿಂದ ಯಾರ ಮನೆಯದೋ ಕಿಟಕಿ ದಡಾರನೆ ಮುಚ್ಚಿಕೊಂಡಿತು.

ಮೂರನೆಯ ಸಲ ಮುಗಿಯುವ ಹೊತ್ತಿಗೆ ಸಾಹೇಬರ ಮುಖ ಎಲೆಕೋಸಿನ ಬಣ್ಣಕ್ಕೆ ತಿರುಗಿತ್ತು. ಮೂರೂ ಸಲ ಅಂಕಿ ಇನ್ನೂರು ದಾಟಿತ್ತು. ಕೆಳಗೆ ಬೇಕರಿಯಣ್ಣ ಇಬ್ಬರು ಗಾರೆಯವರನ್ನೂ ಒಟ್ಟಿಗೆ ಅಪ್ಪಿಕೊಂಡು ಅಳುತ್ತಿದ್ದ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮೇಡಂ ಲೆಕ್ಕ ಪೂರ್ತಿಯಾಗದೆ ಬಿಡುವವರಲ್ಲ. "ಬೆಳಗಿನದು ಸರಿ ಹೋಯ್ತು, ಸಂಜೆದೂ ಸರಿ. ಆದ್ರೆ ಸರ್, ಎರಡೂವರೆದು ಉಳೀತಲ್ಲ. ವಾರದ ದಿನ ಎಲ್ಲಾ ಸಣ್ಣದಾಗಿ ಇದೆ, ಸದ್ದಾಗಿದ್ದು ನಿನ್ನೆ ಒಂದೇ ದಿನ. ಭಾನುವಾರ ಮಾತ್ರ ಇಲ್ಲ."

"ಎರಡೂವರೆಗೆ ನಾನು ಕಚೇರೀಲಿರ್ತೀನಿ," ಅಂದರು ಸಾಹೇಬರು. "ಹಾಜರಿ ಪುಸ್ತಕ ಇದೆ."

"ನಾನು ಸ್ಕೂಲಲ್ಲಿ," ಅಂದರು ಟೀಚರ್. ಹೇಳುತ್ತಾ ಹೇಳುತ್ತಾ ಅವರ ದನಿ ನಿಧಾನವಾಯಿತು. ಲೆಕ್ಕ ಬಿಡಿಸಲು ಅವರಿಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಮನೆಯಲ್ಲಿ ಮೂವರು. ಮೂವರಲ್ಲಿ ಇಬ್ಬರನ್ನು ಕಳೆದರೆ ಎಷ್ಟು. ಎಲ್ಲರ ಮುಖಗಳೂ ಮಾವನವರ ಕಡೆ ತಿರುಗಿದವು. ಅವರು ಆಕಾಶದಲ್ಲಿ ಏನನ್ನೋ ಆಸಕ್ತಿಯಿಂದ ನೋಡುತ್ತಿದ್ದರು. ಆಕಾಶ ಖಾಲಿಯಿತ್ತು.

"ಅಪ್ಪ," ಅಂದರು ಟೀಚರ್.

"ಒಂದೇ," ಅಂದರು ಮಾವನವರು. "ಊಟ ಆದ್ಮೇಲೆ. ಅದೂ ನಾನು ತಂದದ್ದಲ್ಲಮ್ಮ. ಅಳಿಯಂದಿರದ್ದು. ಆ ಕ್ಲಿಪ್ಪಿನ ಡಬ್ಬೀಲಿ ಇರ್ತಿತ್ತು."

"ಅದಕ್ಕೇ," ಅಂದರು ಸಾಹೇಬರು. ಅಷ್ಟು ಅವಮಾನದಲ್ಲೂ ಅವರ ಮುಖದಲ್ಲಿ ಒಂದು ನೆಮ್ಮದಿ ಹಾದುಹೋಯಿತು. "ನನಗೆ ಎಣಿಸೋಕೆ ಬರ್ತಿಲ್ಲ ಅಂದ್ಕೊಂಡಿದ್ದೆ ಮಾವ."

ನಿರೀಕ್ಷಕರು ಇಕ್ಕಟ್ಟಿಗೆ ಸಿಕ್ಕಿದ್ದರು. ನೋಟೀಸಿನ ಹಾಳೆ ಹರಿದಾಗಿತ್ತು, ಯಾರಿಗಾದರೂ ಕೊಡಲೇಬೇಕು. ಮನುಷ್ಯನಿಗೆ ಕೊಡಲು ಅವರ ಪುಸ್ತಕದಲ್ಲಿ ಕಲಂ ಇರಲಿಲ್ಲ. ಕೊನೆಗೆ 'ಮೊದಲ ಮಹಡಿಯಲ್ಲಿ ಪರವಾನಗಿ ಇಲ್ಲದೆ ಎರಡು ಚಿಮಣಿ ನಡೆಸುತ್ತಿರುವುದು ಕಂಡುಬಂದಿದ್ದು, ಕೂಡಲೇ ಆರಿಸತಕ್ಕದ್ದು' ಎಂದು ಬರೆದು, ಅಳಿಯ-ಮಾವ ಇಬ್ಬರಿಂದಲೂ ಸಹಿ ಹಾಕಿಸಿಕೊಂಡು, ಬೀಗ ಸಮೇತ ಹೊರಟುಹೋದರು.

ಎಲ್ಲರೂ ಇಳಿದು ಹೋದ ಮೇಲೆ ಟೀಚರ್ ಮೇಡಂ ಹತ್ತಿರ ಪೂರ್ತಿ ಅಂಕಿಪಟ್ಟಿ ಕೇಳಿ ಪಡೆದರು. ಅಡುಗೆಮನೆಯ ಮೇಜಿನ ಮೇಲೆ ಹರಡಿ, ಕೆಂಪು ಪೆನ್ನಿನಿಂದ ಒಂದೊಂದೇ ಏರನ್ನು ಗುರುತು ಹಾಕುತ್ತಾ ಹೋದರು. ಅಳಿಯ-ಮಾವ ಎದುರು ಬದುರು ಕೂತು ಆ ಪೆನ್ನು ಎಲ್ಲಿ ನಿಲ್ಲುತ್ತದೋ ಎಂದು ನೋಡುತ್ತಿದ್ದರು. ಮೂರನೆಯ ಹಾಳೆಯಲ್ಲಿ ಪೆನ್ನು ನಿಂತಿತು.

"ಆಸ್ಪತ್ರೇಲಿ ಆವತ್ತು ಹನ್ನೊಂದು ದಿನ ಹೊರಗಡೆ ಬೆಂಚಿನ ಮೇಲೆ ಕೂತಿದ್ದೆ," ಅಂದರು ಆಕೆ. ದನಿ ಏರಲಿಲ್ಲ. "ಒಳಗಡೆ ಆ ಮಾನಿಟರು ಒಂದೇ ಸಮ ಸದ್ದು ಮಾಡ್ತಿತ್ತು. ಅದು ನಿಂತ್ರೆ ಏನು ಅಂತ ಯೋಚನೆ ಮಾಡ್ತಾ ಕೂತಿದ್ದೆ. ಈಗ ಇಬ್ಬರ ಹೆಸರಲ್ಲೂ ಕೂರಬೇಕಾ ನಾನು?"

ಮಾವನವರು ಮೇಜಿನ ಮೇಲಿನ ಪುಡಿಯನ್ನು ಬೆರಳಿನಿಂದ ಒಟ್ಟು ಮಾಡಿದರು. ಸಾಹೇಬರು ಎದ್ದು ಹೋಗಿ ಕ್ಲಿಪ್ಪಿನ ಡಬ್ಬಿಯನ್ನು ತಂದು ಹೆಂಡತಿಯ ಮುಂದೆ ಬೋರಲು ಹಾಕಿದರು. ಮೂವತ್ತು ಕ್ಲಿಪ್ಪು, ನಾಲ್ಕು ಸಿಗರೇಟು, ಆರು ಲವಂಗ.

ಶಿಕ್ಷೆಯನ್ನು ಟೀಚರ್ ಅಲ್ಲೇ ಓದಿದರು. ಬೇಕರಿಯಣ್ಣನ ಒಲೆ ಎಷ್ಟು ದಿನ ಆರಿತ್ತೋ ಅಷ್ಟು ದಿನ ಅಳಿಯ-ಮಾವ ಇಬ್ಬರೂ ಮನೆಮನೆಗೆ ಬ್ರೆಡ್ಡು ಹಂಚಬೇಕು. ಪೆಟ್ಟಿಗೆ ಅಲ್ಲೇ ಇರಬೇಕು, ಬಕೆಟ್ಟಿನ ಮೇಲೆಯೇ.

ಮರುದಿನದಿಂದ ಬೆಳಿಗ್ಗೆ ಆರೂವರೆಗೆ ನಮ್ಮ ಬೀದಿಯಲ್ಲಿ ಒಂದು ಮೆರವಣಿಗೆ. ಮುಂದೆ ಸಾಹೇಬರು, ತಲೆಯ ಮೇಲೆ ಬುಟ್ಟಿ. ಹಿಂದೆ ಮಾವನವರು, ಕೈಯಲ್ಲಿ ಮನೆಗಳ ಪಟ್ಟಿ. ಹಳೆಯ ಗಾರ್ಡು ತಾನೆ, ಒಂದು ಮನೆಯ ಬ್ರೆಡ್ಡು ಮುಟ್ಟಿತೆಂದು ಖಾತ್ರಿಯಾಗುವವರೆಗೆ ಮುಂದಿನ ಮನೆಗೆ ಹೊರಡಲು ಬಿಡುತ್ತಿರಲಿಲ್ಲ. ಮೊದಲ ದಿನ ಸಾಹೇಬರು ತಲೆ ತಗ್ಗಿಸಿಕೊಂಡು ನಡೆದರು. ಮೂರನೆಯ ದಿನಕ್ಕೆ ಯಾವ ಮನೆಯ ಬ್ರೆಡ್ಡು ತೂಕದಲ್ಲಿ ಕಡಿಮೆಯಿದೆ ಎಂದು ಕೈಯಲ್ಲೇ ತೂಗಿ ಹೇಳತೊಡಗಿದರು. ಬೇಕರಿಯಣ್ಣ ಅದಕ್ಕೂ ಅತ್ತ, ಈ ಸಲ ಸಂತೋಷದಿಂದಲೋ ಅಲ್ಲವೋ ತಿಳಿಯಲಿಲ್ಲ.

ಸಿಗರೇಟು ಬಿಡುವುದು ಮಾತ್ರ ಬುಟ್ಟಿ ಹೊತ್ತಷ್ಟು ಸುಲಭವಾಗಿರಲಿಲ್ಲ. ಸಾಹೇಬರು ಕಚೇರಿಯಲ್ಲಿ ಬಂದ ಕಾಗದಕ್ಕೆ ಹೋಗುವ ನಂಬರು ಹಾಕಿದರು. ಮಾವನವರು ಮಧ್ಯಾಹ್ನ ಎರಡೂವರೆಯಾದರೆ ಬಾಲ್ಕನಿಯ ಬಾಗಿಲು ತೆಗೆದು, ಪೆಟ್ಟಿಗೆಯನ್ನು ದುರುಗುಟ್ಟಿ ನೋಡಿ, ಬಾಗಿಲು ಮುಚ್ಚುತ್ತಿದ್ದರು. ಟೀವಿಯ ದನಿ ಎಷ್ಟಿರಬೇಕೆಂಬ ವಿಷಯಕ್ಕೆ ಅಳಿಯ-ಮಾವ ಎರಡು ದಿನ ಮಾತು ಬಿಟ್ಟರು. ಆದರೂ ಅಂಕಿ ಏರಲಿಲ್ಲ. ಸಂಗೀತದ ಟೀಚರ್ ಸಾಧನೆ ಮತ್ತೆ ಶುರು ಮಾಡಿದರು, ಮೊದಲಿಗಿಂತ ಒಂದು ಗಂಟೆ ಹೆಚ್ಚಾಗಿ. ಅದರಿಂದ ಅಳಿಯ-ಮಾವನ ಸಿಡುಕು ಇನ್ನಷ್ಟು ಏರಿತು.

ತಿಂಗಳು ತುಂಬಿದ ಒಂದು ಶನಿವಾರ ಇಂಜಿನಿಯರ್ ಮೇಡಂ ಉಪಕರಣಗಳ ಚೀಲ ಹಿಡಿದು ಬಂದರು. ಮುಖದಲ್ಲಿ ಆತಂಕ.

"ಟೀಚರ್, ಮೂವತ್ತು ದಿನದಿಂದ ನಿಮ್ಮ ಕೇಂದ್ರದ ಗೆರೆ ಒಂದೇ ಸಮ ಇದೆ. ಇಷ್ಟು ನೇರ ಗೆರೆ ಊರಲ್ಲೇ ಎಲ್ಲೂ ಇಲ್ಲ. ಸೆನ್ಸರ್ ಕೆಟ್ಟಿರಬೇಕು."

ಒಳಗೆ ಹಾಲಿನಲ್ಲಿ ಆ ಹೊತ್ತಿಗೆ ಸಾಹೇಬರೂ ಮಾವನವರೂ, ದಿನಪತ್ರಿಕೆಯ ಮೊದಲ ಹಾಳೆ ಯಾರಿಗೆ ಸೇರಬೇಕು ಎಂಬ ವಿಷಯವಾಗಿ ಜಗಳದ ಮಧ್ಯದಲ್ಲಿದ್ದರು. ಟೀಚರ್ ಬಾಗಿಲನ್ನು ಪೂರ್ತಿ ತೆರೆದು ಮೇಡಂಗೆ ದಾರಿ ಬಿಟ್ಟರು.

"ಸೆನ್ಸರ್ ಚೆನ್ನಾಗಿದೆ ಬನ್ನಿ," ಅಂದರು. "ಕೆಟ್ಟಿರೋದು ಇವರಿಬ್ಬರು."

ಮೇಡಂ ಆದರೂ ಪೆಟ್ಟಿಗೆ ಇಳಿಸಿ ನೋಡಿದರು. ಜಾಲರಿ ಉಜ್ಜಿದರು, ಬ್ರಷ್ಷು ಬೆಳ್ಳಗೇ ಉಳಿಯಿತು. ಆಮೇಲೆ ತಪಾಸಣೆಯ ಪುಸ್ತಕ ತೆಗೆದು, ಹಾಲಿನ ಕಡೆ ಒಮ್ಮೆ ಕಿವಿಗೊಟ್ಟು ಬರೆದರು. 'ಕೇಂದ್ರ 27. ಯಂತ್ರ ಸುಸ್ಥಿತಿಯಲ್ಲಿದೆ. ಗಾಳಿ ಶುದ್ಧವಾಗಿದೆ. ಸದ್ದು ಮಾತ್ರ ವಿಪರೀತ.'